ವಂದನಾರ್ಪಣೆಯಲ್ಲಿ ಅಟೆಂಡರ್ ಹೆಸರು ಮೊದಲು ಯಾಕೆ?

ಹಿಂದೆ ಕಾರ್ಯದರ್ಶಿಯಾಗಿದ್ದೆ ಅಂತಲೋ, ಮೈಕ್ ಕೊಟ್ಟರೆ ಬೇಡ ಅನ್ನುವುದಿಲ್ಲ ಅಂತಲೋ, ನಮ್ಮ ತಾಲ್ಲೂಕು ವಕೀಲರ ಸಂಘದಲ್ಲಿ ಯಾವ ಸಮಾರಂಭವಾದರೂ ವಂದನಾರ್ಪಣೆ ನನ್ನ ಪಾಲಿಗೇ ಬರುತ್ತದೆ. ಡಿಸೆಂಬರ್ 3ರ ವಕೀಲರ ದಿನಾಚರಣೆ ಮುಗಿದ ಮೇಲಂತೂ ಊಟದ ಸಾಲಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲ ಸಾರ್, ಜಿಲ್ಲಾ ನ್ಯಾಯಾಧೀಶರು ವೇದಿಕೆ ಮೇಲಿದ್ರು, ಅಧ್ಯಕ್ಷರಿದ್ರು. ನೀವು ಅಟೆಂಡರ್ ಹೆಸರಿಂದ ಶುರು ಮಾಡ್ತೀರಲ್ಲ, ಏನಿದು?"

ಆರ್ಡರ್ 9, ರೂಲ್ 8 ಅಂತ ಹೇಳಿ ಹಪ್ಪಳ ಹಾಕಿಸಿಕೊಂಡು ಮುಂದೆ ಹೋಗುತ್ತೇನೆ. ವಕೀಲರಿಗೆ ಅಷ್ಟು ಸಾಕು. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂದು ನಿಯಮ: ಸಿವಿಲ್ ದಾವೆ ಕೂಗಿಸಿದಾಗ ಪ್ರತಿವಾದಿ ಹಾಜರಿದ್ದು, ವಾದಿಯ ಕಡೆ ಯಾರೂ ಇಲ್ಲದಿದ್ದರೆ ದಾವೆ ವಜಾ. ಅದೇ ವ್ಯಾಜ್ಯ ಕಾರಣದ ಮೇಲೆ ಹೊಸದಾಗಿ ದಾವೆ ಹೂಡಲು ಬರುವುದಿಲ್ಲ. 30 ದಿನದೊಳಗೆ ಅರ್ಜಿ ಹಾಕಿ, ಬಾರದಿದ್ದಕ್ಕೆ ಸರಿಯಾದ ಕಾರಣ ಕೊಟ್ಟು, ಆ ವಜಾ ಆದೇಶವನ್ನು ರದ್ದುಪಡಿಸಿಕೊಳ್ಳಬೇಕು. ತಾಲ್ಲೂಕು ಕೋರ್ಟಿನ ವಕೀಲನ ಬೆಳಗ್ಗೆ ಹೇಗಿರುತ್ತದೆಂದರೆ, ಸೀನಿಯರ್ ಸಿವಿಲ್ ಜಡ್ಜ್ ಹಾಲಿನಲ್ಲಿ ಪಾಟೀಸವಾಲು ನಡೆಸುತ್ತಿರುವಾಗಲೇ ಪಕ್ಕದ ಹಾಲಿನಲ್ಲಿ ಅವನ ಇನ್ನೊಂದು ಕೇಸು ಬರುತ್ತದೆ. ಆ ಹೊತ್ತಿಗೆ ಓಡಿ ಬಂದು ಕಿಟಕಿಯಿಂದ ಕೈಸನ್ನೆ ಮಾಡುವವನು ಸಂಘದ ಅಟೆಂಡರ್. ಅಷ್ಟರಲ್ಲಿ ಅವನೇ ಒಬ್ಬ ಜೂನಿಯರನ್ನು ಹಿಡಿದು ಆ ಹಾಲಿಗೆ ಕಳಿಸಿ, ಪಾಸ್‌ಓವರ್, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ ಅಂತ, ಕೇಳಿಸಿಯೂ ಇರುತ್ತಾನೆ. ಹೀಗೆ ಉಳಿದ ದಾವೆಯ ಕಕ್ಷಿದಾರನಿಗೆ ತನ್ನ ಜಮೀನು ಎಷ್ಟರಲ್ಲಿ ತಪ್ಪಿತ್ತು ಅನ್ನುವುದು ಗೊತ್ತೇ ಆಗುವುದಿಲ್ಲ. ಅವನು ಥ್ಯಾಂಕ್ಸ್ ಹೇಳುವುದು ವಕೀಲನಿಗೆ, ವಕೀಲ ಹೇಳುವುದು ಯಾರಿಗೂ ಇಲ್ಲ.

ಲೈಬ್ರರಿ ನೋಡಿಕೊಳ್ಳುವವರದೂ ಇದೇ ಕಥೆ. 2024ರ ಜುಲೈ 1ರಂದು ದಂಡಸಂಹಿತೆ, ದಂಡಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಒಟ್ಟಿಗೇ ಬದಲಾದವು. ಬಾಯಿಪಾಠವಾಗಿದ್ದ ಕಲಂಗಳೆಲ್ಲ ತಲೆಕೆಳಗು. 420 ಹೋಗಿ 318(4) ಆಯಿತು. ಅದನ್ನು ಹೇಗೋ ಅರಗಿಸಿಕೊಂಡೆವು. ನಿಜವಾಗಿ ಕಾಡಿದ್ದು 482. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದು ಪ್ರಕರಣ ರದ್ದತಿ ಕೋರಿ ಹೈಕೋರ್ಟಿಗೆ ಹೋಗುವ ಕಲಂ, ಹೊಸದರಲ್ಲಿ ಅದೇ ನಂಬರು ನಿರೀಕ್ಷಣಾ ಜಾಮೀನಿಗೆ. ಜೂನಿಯರುಗಳು ಹಳೆ-ಹೊಸ ಕಲಂಗಳ ಪಟ್ಟಿ ಮಾಡಿದರು, ಲೈಬ್ರರಿಯವರು ಅದನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ಬಾಗಿಲಿಗೆ ಅಂಟಿಸಿದರು. ಕನ್ನಡಕ ಮರೆತು ಬರುವ ಹಿರಿಯರಿಗಾಗಿ ದೊಡ್ಡಕ್ಷರ. ಹಾಗಂತ ಅವರಿಗೆ ಯಾರೂ ಹೇಳಿರಲಿಲ್ಲ.

ಸದಸ್ಯರನ್ನು ನಾನು ಮರೆಯುತ್ತೇನೆ ಅಂತಲ್ಲ. ಆದರೆ ಸದಸ್ಯರಲ್ಲಿ ನಿಜವಾಗಿ ವಂದಿಸಬೇಕಾದವರು ಹೆಸರು ಹೇಳಬೇಡಿ ಅನ್ನುವವರೇ ಆಗಿರುತ್ತಾರೆ. 2020ರಲ್ಲಿ ಕೊರೊನಾದಿಂದ ಕೋರ್ಟು ಮುಚ್ಚಿತು. ದಾವೆ, ಮೇಲ್ಮನವಿ ಹಾಕುವ ಕಾಲಮಿತಿಯ ಚಿಂತೆಯನ್ನು ಸುಪ್ರೀಂ ಕೋರ್ಟ್ ಕಳೆಯಿತು: 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ ಎಂದಿತು. ಆದರೆ ಬಾಡಿಗೆ ಮನೆಯಲ್ಲಿದ್ದ ಜೂನಿಯರಿಗೆ, ದಿನದ ಬಾಟಾ ನಂಬಿದ್ದ ಗುಮಾಸ್ತನಿಗೆ ಯಾವ ಆದೇಶವೂ ಅಕ್ಕಿ ತಂದುಕೊಡಲಿಲ್ಲ. ನಮ್ಮಲ್ಲಿ ಕೆಲವು ಹಿರಿಯರು ಖಜಾಂಚಿಯ ಕೈಗೆ ಲಕೋಟೆ ಕೊಟ್ಟು, ರಸೀದಿಯಲ್ಲಿ "ಸದಸ್ಯರೊಬ್ಬರು" ಅಂತ ಬರೆಸಿದರು. ವೇದಿಕೆಯಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಅವರಲ್ಲೊಬ್ಬರು ಸಭೆಯಲ್ಲೇ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾರೆ, ಅದನ್ನು ನೋಡುವುದೇ ಒಂದು ಮಜಾ. ಚುನಾವಣೆ ಬಂದಾಗ ಮಾತ್ರ ಸಂಘ ನೆನಪಾಗುವವರಿಗೆ "ಸಮಸ್ತ ಸದಸ್ಯ ಬಾಂಧವರಿಗೆ" ಅನ್ನುವುದರಲ್ಲೇ ಪಾಲು ಸಿಕ್ಕಿಬಿಡುತ್ತದೆ.

ಮಾತಿನ ವಂದನೆ ಇಷ್ಟೇ. ಅದು ಸಾಲದು ಅನ್ನುವುದು ನನ್ನ ತಕರಾರು. ಸಂಘದ ನೌಕರರು ಕೋರ್ಟಿನ ನೌಕರರಲ್ಲ, ಸರ್ಕಾರದ ಸಂಬಳವಿಲ್ಲ. ವಕಾಲತ್ತಿಗೆ ನಾವು ಹಚ್ಚುವ ಕಲ್ಯಾಣ ನಿಧಿ ಸ್ಟಾಂಪು ವಕೀಲರ ಕಲ್ಯಾಣಕ್ಕೆ. ಕೆಲಸ ಬಿಡುವಾಗ ಇಡಿಗಂಟು ಕೊಡಿಸುವ ಗ್ರಾಚ್ಯುಟಿ ಕಾನೂನು ಅನ್ವಯಿಸಬೇಕಾದರೆ ಹತ್ತು ಮಂದಿಯಾದರೂ ಕೆಲಸಕ್ಕಿರಬೇಕು, ನಮ್ಮಲ್ಲಿರುವವರು ಮೂವರು. ಅಂದರೆ ಬೇರೆಯವರ ಗ್ರಾಚ್ಯುಟಿಗಾಗಿ ಗಂಟಲು ಹರಿದುಕೊಳ್ಳುವ ನಮ್ಮ ಕಟ್ಟಡದಲ್ಲೇ ಅದು ಇಲ್ಲದವರು ಕಸ ಗುಡಿಸುತ್ತಾರೆ, ಪುಸ್ತಕ ಜೋಡಿಸುತ್ತಾರೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಇದು ಮುಚ್ಚಿಹೋಗುವುದಿಲ್ಲ.

ಹಾಗಾಗಿ ಸರ್ವಸದಸ್ಯರ ಸಭೆಯಲ್ಲಿ ವಿಷಯ ತೆಗೆದೆ. ಕಾನೂನಿನಲ್ಲಿ ಇಲ್ಲದ್ದನ್ನು ಕೊಟ್ಟರೆ ಮುಂದೆ ಅದೇ ಹಕ್ಕಾಗುತ್ತದೆ ಅಂತ ಒಬ್ಬರು ವಾದಿಸಿದರು. ಆಗಲಿ ಬಿಡಿ ಅಂದೆ. ವಾರ್ಷಿಕ ಚಂದಾ ಏರಿಸಬೇಕಾಗುತ್ತದೆ ಅನ್ನುವ ಆಕ್ಷೇಪಣೆಯೂ ಬಂತು, ಅದು ನ್ಯಾಯವಾದ ಮಾತೇ. ಚರ್ಚೆಯಾಗಿ ಕೊನೆಗೆ ಸ್ವಲ್ಪ ಏರಿಸಿದೆವು. ಈಗ ಅಟೆಂಡರ್ ಮತ್ತು ಲೈಬ್ರರಿಯವರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಆರ್‌ಡಿ (ತಿಂಗಳ ಕಂತಿನ ಠೇವಣಿ) ಇದೆ, ಕಂತು ಸಂಘದ್ದು. ಅದು ಠರಾವಾಗಿ ನಡಾವಳಿ ಪುಸ್ತಕದಲ್ಲಿ ಬರೆದಿರುವುದರಿಂದ ಮುಂದೆ ಬರುವ ಪದಾಧಿಕಾರಿಗಳು ಸುಮ್ಮನೆ ನಿಲ್ಲಿಸಲು ಬರುವುದಿಲ್ಲ, ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆ ಏಳುತ್ತದೆ.

ಮೂರನೆಯವರು ಟೈಪಿಸ್ಟ್ ಮೇಡಂ. ಅವರಿಗೆ ಪುಟದ ಲೆಕ್ಕದಲ್ಲಿ ದುಡ್ಡು ಅನ್ನುವ ಕಾರಣ ಹೇಳಿ ಅವರನ್ನು ಠರಾವಿನಿಂದ ಹೊರಗಿಟ್ಟಿದ್ದಾರೆ. ಮುಂದಿನ ಸಭೆಯ ವಿಷಯಸೂಚಿಗೆ ಅದನ್ನು ಸೇರಿಸಲು ಪತ್ರ ಕೊಟ್ಟಿದ್ದೇನೆ. ಪತ್ರ ಟೈಪ್ ಮಾಡಿದ್ದು ಅವರೇ, ಆ ಪುಟಕ್ಕೆ ಮಾತ್ರ ದುಡ್ಡು ಬೇಡ ಅಂದರು. ಕೊಟ್ಟೆ.