‘ಮಾಂಟೆರೇ ಪಾಪ್’ ಸಿನಿಮಾದಲ್ಲಿ ನಿಮಗೆ ಯಾರು ಇಷ್ಟ?

ನಾನು ರಾಕ್ ಸಂಗೀತ ಕೇಳುತ್ತೇನೆ ಎಂದು ಗೊತ್ತಾದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: ‘ಗಿಟಾರ್ ನುಡಿಸೋ ಜಿಮಿ ಹೆಂಡ್ರಿಕ್ಸೇ ಅಲ್ವಾ?’ ಅಲ್ಲ, ಸಿತಾರ್ ವಾದಕ ರವಿಶಂಕರ್ ಎಂದರೆ ‘ಓ, ನಮ್ಮವರು ಅನ್ನೋ ಅಭಿಮಾನ’ ಎಂದು ಸುಮ್ಮನಾಗುತ್ತಾರೆ. ಅದೂ ಅಲ್ಲ. ಆದ್ದರಿಂದ ಒಮ್ಮೆ ಬಿಡಿಸಿ ಹೇಳುತ್ತೇನೆ.

ನೋಡದವರಿಗಾಗಿ ಎರಡು ಮಾತು. 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಕಡಲತೀರದ ಊರು ಮಾಂಟೆರೇಯ ಜಾತ್ರೆ ಮೈದಾನದಲ್ಲಿ ಮೂರು ದಿನ ಸಂಗೀತೋತ್ಸವ ನಡೆಯಿತು. ಹೆಸರಾಂತ ವುಡ್‌ಸ್ಟಾಕ್ ಸಂಗೀತೋತ್ಸವಕ್ಕಿಂತ ಎರಡು ವರ್ಷ ಮೊದಲು. ಅದನ್ನು ಚಿತ್ರಿಸಿದವರು ಡಿ. ಎ. ಪೆನ್ನೆಬೇಕರ್. ಟೀವಿಗೆಂದು ಶುರುವಾದ ಕೆಲಸ. ಟೀವಿಯವರು ಬೇಡವೆಂದ ಮೇಲೆ 1968ರ ಕೊನೆಗೆ ಸಿನಿಮಾ ಆಗಿ ಬಂತು. ಒಟ್ಟು ಸುಮಾರು 80 ನಿಮಿಷ. ಹೆಗಲ ಮೇಲೆ ಹೊತ್ತು ತಿರುಗಬಹುದಾದ 16 ಮಿ.ಮೀ. ಕ್ಯಾಮರಾಗಳು, ಹಿಡಿದವರು ರಿಚರ್ಡ್ ಲೀಕಾಕ್, ಆಲ್ಬರ್ಟ್ ಮೇಸಲ್ಸ್‌ರಂಥ ಸಾಕ್ಷ್ಯಚಿತ್ರಕಾರರು. ಆ ಕ್ಯಾಮರಾಗಳು ವೇದಿಕೆಯನ್ನು ಎಷ್ಟು ನೋಡುತ್ತವೋ ಕೂತವರನ್ನೂ ಅಷ್ಟೇ ನೋಡುತ್ತವೆ.

ಧಾರವಾಡದ ಕಡೆಯ ಬೈಠಕ್‌ಗಳಿಗೆ ನಮ್ಮ ಅಜ್ಜ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ‘ಹಾಡು ಹೆಂಗ ಏರಾಕತ್ತೈತಿ ಅನ್ನೋದು ಕೂತವರ ಮಾರಿ ನೋಡಿದ್ರ ಗೊತ್ತಾಗತೈತಿ’ ಎನ್ನುತ್ತಿದ್ದರು. ಈ ಸಿನಿಮಾ ನೋಡುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಜಾನಿಸ್ ಜಾಪ್ಲಿನ್ ಹಾಡುವ ‘ಬಾಲ್ ಆ್ಯಂಡ್ ಚೈನ್’ ತೆಗೆದುಕೊಳ್ಳಿ. ಶನಿವಾರ ಮಧ್ಯಾಹ್ನ ಅವಳ ತಂಡ ಹಾಡಿದಾಗ ಚಿತ್ರೀಕರಣಕ್ಕೆ ಅವರ ಮ್ಯಾನೇಜರ್ ಒಪ್ಪಿರಲಿಲ್ಲ. ಹೆಚ್ಚಿನವರಿಗೆ ಹೆಸರೇ ಗೊತ್ತಿರದ ಹುಡುಗಿ ಮೈದಾನವನ್ನೇ ಅಲ್ಲಾಡಿಸಿಬಿಟ್ಟಳು, ಕ್ಯಾಮರಾಗಳು ಸುಮ್ಮನಿದ್ದವು. ಕೊನೆಗೆ ಭಾನುವಾರ ಮತ್ತೊಮ್ಮೆ ಹಾಡಿಸಿದರು. ನಾವು ನೋಡುವುದು ಆ ಎರಡನೆಯದನ್ನು. ಕ್ಯಾಮರಾ ಅವಳ ಪಾದಗಳಿಗೆ ಇಳಿಯುತ್ತದೆ. ಹಿಮ್ಮಡಿ ನೆಲಕ್ಕೆ ಕುಟ್ಟುವ ರೀತಿ ನೋಡಿದರೆ ಆ ಕೂಗು ಎಲ್ಲಿಂದ ಎದ್ದು ಬರುತ್ತಿದೆ ಎಂದು ತಿಳಿಯುತ್ತದೆ. ಆಮೇಲೆ ಸಭಿಕರ ನಡುವೆ ಕೂತ ಕ್ಯಾಸ್ ಎಲಿಯಟ್, ಅವಳೂ ಆ ಉತ್ಸವದಲ್ಲಿ ಹಾಡಿದವಳೇ, ಬಾಯಿ ತೆರೆದು ಸದ್ದಿಲ್ಲದೆ ‘ವಾವ್’ ಎನ್ನುತ್ತಾಳೆ. ಒಬ್ಬ ಗಾಯಕಿ ಇನ್ನೊಬ್ಬಳಿಗೆ ಕೊಟ್ಟ ಅಷ್ಟು ಶುದ್ಧವಾದ ಮೆಚ್ಚುಗೆಯನ್ನು ನಾನು ಬೇರೆ ಯಾವ ಸಿನಿಮಾದಲ್ಲೂ ಕಂಡಿಲ್ಲ. ಹಾಡು ಮುಗಿದದ್ದೇ ಜಾನಿಸ್ ಶಾಲೆ ಬಿಟ್ಟ ಮಗುವಿನಂತೆ ಕುಣಿಯುತ್ತ ಒಳಕ್ಕೆ ಓಡುತ್ತಾಳೆ.

ಓಟಿಸ್ ರೆಡಿಂಗ್‌ನದು ಬೇರೆಯೇ ಬಗೆ. ಶನಿವಾರ ರಾತ್ರಿ, ಎಲ್ಲರೂ ದಣಿದ ಹೊತ್ತು. ಹಸಿರು ಸೂಟು ತೊಟ್ಟು ಬಂದು ‘ಶೇಕ್’ ಎಂದು ಕೂಗಿ ಜನರನ್ನು ಎಬ್ಬಿಸುತ್ತಾನೆ. ಮರುಕ್ಷಣವೇ ‘ಐ ಹ್ಯಾವ್ ಬೀನ್ ಲವಿಂಗ್ ಯು ಟೂ ಲಾಂಗ್’ ಶುರು. ಕ್ಯಾಮರಾ ಅವನ ಬೆನ್ನ ಹಿಂದೆ ನಿಂತಿದೆ. ಅವನು ತಲೆ ಸರಿಸಿದಾಗ ಎದುರಿನ ದೀಪ ನೇರ ಕಣ್ಣಿಗೆ ಹೊಡೆದು ತೆರೆಯೆಲ್ಲ ಬೆಳಕಾಗುತ್ತದೆ. ತಲೆ ಮತ್ತೆ ಅಡ್ಡ ಬಂದರೆ ಕಪ್ಪು ನೆರಳು. ಬೆಳಕು, ನೆರಳು, ಬೆಳಕು. ದನಿಯೂ ಹಾಗೆಯೇ: ಒಂದು ಸಾಲಿಗೆ ತಡೆದು ನಿಲ್ಲುತ್ತದೆ, ಇನ್ನೊಂದಕ್ಕೆ ಒಡೆದು ಸುರಿಯುತ್ತದೆ. ಅದೇ ವರ್ಷ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 26 ವರ್ಷ. ಸಿನಿಮಾ ತೆರೆ ಕಾಣುವ ಹೊತ್ತಿಗೆ ಅವನಿರಲಿಲ್ಲ. ನನಗಂತೂ ಆ ನೆರಳನ್ನು ಒಣಗಣ್ಣಲ್ಲಿ ನೋಡಲು ಆಗುವುದಿಲ್ಲ.

ಜೆಫರ್ಸನ್ ಏರ್‌ಪ್ಲೇನ್ ತಂಡದ ‘ಟುಡೇ’ ಹಾಡಿನಲ್ಲಿ ಕ್ಯಾಮರಾ ಗ್ರೇಸ್ ಸ್ಲಿಕ್ ಮುಖ ಬಿಟ್ಟು ಕದಲುವುದಿಲ್ಲ. ಅವಳ ತುಟಿಗಳೂ ಆಡುತ್ತಿರುತ್ತವೆ. ಮುಖ್ಯ ದನಿ ಮಾತ್ರ ಮಾರ್ಟಿ ಬಾಲಿನ್‌ನದು. ಹಾಡುವವನನ್ನು ಬಿಟ್ಟು ಅವಳನ್ನು ತೋರಿಸಿದ್ದು ತಪ್ಪು ಎನ್ನುವವರಿದ್ದಾರೆ. ಜೊತೆಗಾರನ ಹಾಡನ್ನು ತುಟಿಯಲ್ಲೇ ಹಿಂಬಾಲಿಸುವ ಮುಖ ಅದು. ನನಗೆ ಅದು ಇಷ್ಟ.

ಇನ್ನು ಹೆಂಡ್ರಿಕ್ಸ್. ಭಾನುವಾರ ರಾತ್ರಿ ‘ದ ಹೂ’ ತಂಡಕ್ಕೂ ಅವನಿಗೂ ಯಾರು ಯಾರ ನಂತರ ನುಡಿಸಬೇಕು ಎಂಬ ಜಗಳ ನಾಣ್ಯ ಚಿಮ್ಮಿ ತೀರ್ಮಾನವಾಯಿತು. ಅವರು ಮೊದಲು ಬಂದು ಗಿಟಾರ್ ಒಡೆದು ಹೋದರು. ಇವನು ಆಮೇಲೆ ಬಂದು ‘ವೈಲ್ಡ್ ಥಿಂಗ್’ ನಡುವೆ ‘ಸ್ಟ್ರೇಂಜರ್ಸ್ ಇನ್ ದ ನೈಟ್’ ಹಾಡಿನ ಎಳೆಯೊಂದನ್ನು ನುಡಿಸಿ, ಕೊನೆಗೆ ಮಂಡಿಯೂರಿ ಗಿಟಾರಿಗೆ ಬೆಂಕಿಯಿಟ್ಟ. ಎಲ್ಲರಿಗೂ ನೆನಪಿರುವುದು ಬೆಂಕಿ. ನಾನು ಕಾಯುವುದು ಬೆಂಕಿಗೆ ಮುಂಚಿನ ಆ ಎಳೆಗೆ, ಅಷ್ಟು ಗದ್ದಲದ ನಡುವೆ ಅಷ್ಟು ಹಗುರವಾಗಿ ಬಂದು ಹೋಗುತ್ತದೆ.

ಈಗ ರವಿಶಂಕರ್. ಅವರು ನುಡಿಸಿದ್ದು ಭಾನುವಾರ ಮಧ್ಯಾಹ್ನ, ಅಂದರೆ ಹೆಂಡ್ರಿಕ್ಸ್‌ಗಿಂತ ಮೊದಲು. ಆ ಹೊತ್ತಿಗೆ ತಕ್ಕಂತೆ ಭೀಮಪಲಾಸ್ ರಾಗವನ್ನೂ ನುಡಿಸಿದ್ದರು. ಸಿನಿಮಾದಲ್ಲಿ ಮಾತ್ರ ಪೆನ್ನೆಬೇಕರ್ ಅವರನ್ನು ಕಟ್ಟಕಡೆಗೆ ಇಟ್ಟರು. ಬೆಂಕಿ ಆರಿತು, ನಡುವೆ ಒಂದು ಮೆತ್ತನೆಯ ಹಾಡು ಬಂತು, ಆಮೇಲೆ ಸಿತಾರ್. ಸುಮಾರು 18 ನಿಮಿಷ, ಹೆಚ್ಚುಕಡಿಮೆ ಇಡೀ ಸಿನಿಮಾದ ಕಾಲು ಭಾಗ, ಒಬ್ಬರಿಗೇ.

ಅದರಲ್ಲೂ ಮೊದಲ ಕೆಲವು ನಿಮಿಷ ಅವರು ಕಾಣುವುದೇ ಇಲ್ಲ. ವಾದ್ಯ ಕೇಳುತ್ತಿದೆ, ಕಾಣುವುದು ಜನ. ಮಲಗಿದವರು, ಹೂ ಮುಡಿದವರು, ಕಣ್ಣು ಮುಚ್ಚಿ ಕೂತವರು. ಆಮೇಲೆ ಬೆರಳುಗಳು, ತಂತಿ, ಹಿಂದೆ ತಂಬೂರಿ ಹಿಡಿದ ಕಮಲಾ ಚಕ್ರವರ್ತಿ, ಪಕ್ಕದಲ್ಲಿ ತಬಲಾದ ಅಲ್ಲಾ ರಖಾ. ಲಯ ಏರಿದಂತೆ ಸವಾಲ್-ಜವಾಬ್ ಶುರುವಾಗುತ್ತದೆ. ಸಿತಾರ್ ಒಂದು ತುಣುಕು ಎಸೆದರೆ ತಬಲಾ ಅದನ್ನೇ ಹಿಡಿದು ಮರಳಿಸುತ್ತದೆ, ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾರೆ. ನಮ್ಮ ಕಡೆ ಇದು ಎಷ್ಟೋ ಕಛೇರಿಗಳಲ್ಲಿ ಕಂಡದ್ದೇ. ಆದರೆ ರಾಗದ ಹೆಸರೂ ತಾಳದ ಲೆಕ್ಕವೂ ಗೊತ್ತಿಲ್ಲದ ಆ ಹುಡುಗ ಹುಡುಗಿಯರ ತಲೆ ‘ಸಮ’ಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಾಗುವುದನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ. ಕೊನೆಯ ಪೆಟ್ಟು ಬಿದ್ದ ತಕ್ಷಣ ಇಡೀ ಮೈದಾನ ಎದ್ದು ನಿಲ್ಲುತ್ತದೆ.

ಆ ಜನರ ನಡುವೆ ಒಂದು ಮುಖ ಹುಡುಕಿ. ಜಿಮಿ ಹೆಂಡ್ರಿಕ್ಸ್. ಸಿನಿಮಾದ ಲೆಕ್ಕದಲ್ಲಿ ಆಗಷ್ಟೇ ಗಿಟಾರ್ ಸುಟ್ಟು ಬಂದವನು. ನಿಜದ ಲೆಕ್ಕದಲ್ಲಿ ಅದಕ್ಕಿನ್ನೂ ಕೆಲವು ಗಂಟೆ ಬಾಕಿ ಇದೆ. ಉಳಿದವರ ಹಾಗೆಯೇ ಕೂತು, ಸುಮ್ಮನೆ ಕೇಳುತ್ತಿದ್ದಾನೆ.