ಸಂಬಳದ ಚೀಟಿ

ಪಕ್ಕದ ಮನೆ ಹುಡುಗಿ ಬಿ.ಕಾಂ ಮುಗಿಸಿದ್ದಾಳೆ. ನಿನ್ನೆ ಸಂಜೆ ಮಳೆಯಲ್ಲೇ ಬಂದು ಕೇಳಿದಳು, "ಅಕ್ಕಾ, ನಿಮ್ಮ ಹಾಗೆ ಪೇರೋಲ್, ಅಂದ್ರೆ ಸಂಬಳದ ಲೆಕ್ಕದ ಕೆಲಸಕ್ಕೆ ಸೇರಬೇಕು ಅಂದ್ರೆ ಏನು ಕಲೀಬೇಕು?" ತುಂಬಾ ಖುಷಿಯಾಯಿತು.

ಎಕ್ಸೆಲ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕೇ ಬೇಕು ಎಂದೆ. ಆಮೇಲೆ ಅವಳ ಅಣ್ಣನ ಸಂಬಳದ ಚೀಟಿ ತರಿಸಿ ಒಂದೊಂದೇ ಸಾಲಿಗೆ ಬೆರಳಿಟ್ಟು ತೋರಿಸಿದೆ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಶೇ. 12 ಪಿಎಫ್, ಅಂದರೆ ಭವಿಷ್ಯ ನಿಧಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ (ನೌಕರರ ವಿಮೆ), ನೌಕರರದ್ದು ಶೇ. 0.75, ಮಾಲೀಕರದ್ದು ಶೇ. 3.25. ನಮ್ಮ ರಾಜ್ಯದಲ್ಲಿ 25,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಪಿಎಫ್ ದುಡ್ಡು ಮುಂದಿನ ತಿಂಗಳು 15ರೊಳಗೆ ಕಟ್ಟಿರಬೇಕು. ಇದನ್ನೆಲ್ಲ ಒಮ್ಮೆ ಕೈಯಾರೆ ಲೆಕ್ಕ ಹಾಕಿದವರಿಗೆ ಸಾಫ್ಟ್‌ವೇರ್ ಬೇಗ ಹಿಡಿತಕ್ಕೆ ಬರುತ್ತದೆ.

ಮೊದಲ ಕೆಲಸಕ್ಕೆ ಬೆಂಗಳೂರೇ ಆಗಬೇಕು ಅಂತಿಲ್ಲ. ನಾನು ಶುರು ಮಾಡಿದ್ದು ಇಲ್ಲೇ ಶಿರಸಿಯಲ್ಲಿ, ಆಡಿಟರ್ ಒಬ್ಬರ ಆಫೀಸಿನಲ್ಲಿ, ಹಾಜರಿ ಪುಸ್ತಕ ನೋಡಿಕೊಂಡು. ಆ ವರ್ಷ ಒಬ್ಬರ ಎರಡು ದಿನದ ರಜೆಗೆ ತಪ್ಪಾಗಿ ಸಂಬಳ ಕತ್ತರಿಸಿಬಿಟ್ಟಿದ್ದೆ. ಅವರು ಒದ್ದೆ ಕೊಡೆಯನ್ನು ಬಾಗಿಲ ಹೊರಗಿಟ್ಟು ಬಂದರು. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು, "ಮಗಳ ಫೀಸಿಗೆ ಕಡಿಮೆ ಬಿತ್ತು ಅಮ್ಮಾ" ಎಂದರು. ದನಿ ಏರಿಸಲಿಲ್ಲ. ಇವತ್ತಿಗೂ ಬ್ಯಾಂಕಿಗೆ ಫೈಲ್ ಕಳಿಸುವ ಮುಂಚೆ ಹಾಜರಿ ಎರಡೆರಡು ಸಲ ನೋಡುತ್ತೇನೆ. ನಮಗೆ ಅದು ಒಂದು ಸಾಲು, ಅವರಿಗೆ ಇಡೀ ತಿಂಗಳು ಅಲ್ವಾ.

ಇದನ್ನೂ ಅವಳಿಗೆ ಹೇಳಿದೆ. ಸುಮ್ನೆ ಕೂತು ಕೇಳಿದಳು. ಚೀಟಿ ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು. ನಾಳೆ ಓವರ್‌ಟೈಮ್ ಲೆಕ್ಕ ಹೇಳಿಕೊಡಬೇಕು.