ಬಾವುಟಗುಡ್ಡದಲ್ಲಿ ಕಲಿತ ಸಂಜೆಯ ಲೆಕ್ಕ

ಕಾಲೇಜಿನ ನೆನಪು ಬರೆಯಿರಿ ಅಂದರೆ ಮಂಗಳೂರಿನ ಬಾವುಟಗುಡ್ಡದ ನಮ್ಮ ಸೇಂಟ್ ಅಲೋಶಿಯಸ್‌ನವರು ಮೊದಲು ಅಲ್ಲಿನ ಪ್ರಾರ್ಥನಾಮಂದಿರ, ಅಂದರೆ ಚಾಪೆಲ್ ಬಗ್ಗೆ ಬರೆಯುತ್ತಾರೆ. ಬರೆಯಬೇಕಾದದ್ದೇ. ಇಟಲಿಯಿಂದ ಬಂದ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ದುಡಿದು ಗೋಡೆ, ಛಾವಣಿ ತುಂಬ ಬಿಡಿಸಿದ ಚಿತ್ರಗಳು ಅವು. ನಾನು ಡಿಗ್ರಿ ಓದಿದ್ದು 90ರ ದಶಕದ ಮೊದಲ ವರ್ಷಗಳಲ್ಲಿ. ಆಗ ಅವುಗಳ ರಿಪೇರಿ ನಡೆಯುತ್ತಿತ್ತು. ಹಾಗಾಗಿ ನನ್ನ ನೆನಪಿನ ಚಾಪೆಲ್‌ನಲ್ಲಿ ದೇವದೂತರಿಗಿಂತ ಅಟ್ಟಣಿಗೆಯ ಕಂಬಗಳೇ ಜಾಸ್ತಿ.

ಒಂದು ಚಿತ್ರ ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ಸಂತ ಅಲೋಶಿಯಸ್ ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿರುವುದು. ಅಪ್ಪನ ನಂತರ ಕಾಸ್ತಿಲ್ಯೋನೆಯ ದೊರೆತನ ಇವನಿಗೇ ಬರಬೇಕಿತ್ತು. ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಕ್ಯಾಥೊಲಿಕ್ ಸನ್ಯಾಸಿಗಳ ಜೆಸ್ವಿಟ್ ಸಭೆ ಸೇರಿದ. 1591ರಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಾ ತಾನೂ ಕಾಯಿಲೆ ಬಿದ್ದು ತೀರಿಹೋದ. ಆಗ ಅವನಿಗೆ 23. ನಮಗೆ ಆಗ 19, 20. ಇಷ್ಟು ಚಿಕ್ಕ ವಯಸ್ಸಿಗೆ ಇವನಿಗೆ ಬದುಕು ಇಷ್ಟು ಸ್ಪಷ್ಟವಾಗಿ ಹೇಗೆ ಕಂಡಿತು ಅಂತ ನನಗೆ ಆಶ್ಚರ್ಯ. ನನಗಂತೂ ಬಿ.ಕಾಂ. ಆದ ಮೇಲೆ ಏನು ಅನ್ನುವುದೇ ಕಾಣುತ್ತಿರಲಿಲ್ಲ.

ನಾನು ಬೆಳೆದದ್ದು ಬೆಳ್ತಂಗಡಿ ಕಡೆಯ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ. ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿಯದೆ ಊಟವಿಲ್ಲ. ಅದು ಮುಗಿದ ಮೇಲೆ ಅಜ್ಜಿಯಿಂದ ಶುರುಮಾಡಿ ಎಲ್ಲ ಹಿರಿಯರ ಹತ್ತಿರ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳಬೇಕು. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಹುಟ್ಟಿದ ಹಬ್ಬ ಮೊಂತಿ ಫೆಸ್ತ್, ಹೊಸ ತೆನೆ, ಬಾಳೆಲೆ ಊಟ. ಇದೆಲ್ಲ ಚೆಂದವೇ. ಆದರೆ ದೇವರ ಮುಂದೆ ನಿಂತಾಗ ಮಾಡಬೇಕಾದ್ದು ತಪ್ಪುಗಳ ಪಟ್ಟಿ ಒಪ್ಪಿಸುವುದು ಅಂತಲೇ ನನ್ನ ತಿಳುವಳಿಕೆ. ಮೊದಲ ಪರಮಪ್ರಸಾದಕ್ಕೆ ತಯಾರಿ ಮಾಡುವಾಗ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಹಿಡಿದು 'ಸುಳ್ಳು ಹೇಳಿದೆಯಾ, ಕದ್ದೆಯಾ' ಅಂತ ನೋಡಿಕೊಳ್ಳಲು ಕಲಿಸಿದ್ದರಲ್ಲ, ಅಷ್ಟೇ.

ಕೊನೆಯ ವರ್ಷದ ರಿಟ್ರೀಟಿನಲ್ಲಿ, ಅಂದರೆ ಪ್ರಾರ್ಥನೆ, ಧ್ಯಾನದ ಶಿಬಿರದಲ್ಲಿ, ಒಬ್ಬರು ವಯಸ್ಸಾದ ಫಾದರ್ ನಮಗೆ ಜೆಸ್ವಿಟ್ ಸಭೆ ಕಟ್ಟಿದ ಇಗ್ನೇಷಿಯಸ್ ಲೊಯೊಲಾನ ಕಥೆ ಹೇಳಿದರು. ಕಥೆ ನಮಗೆ ಗೊತ್ತಿತ್ತು ಅಂತ ನಾವು ಅಂದುಕೊಂಡಿದ್ದೆವು. ಅವರು ಶುರುಮಾಡಿದ್ದೇ ಕಾಲಿನಿಂದ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಅವನ ಬಲಗಾಲು ಮುರಿಯಿತು. ಮೂಳೆ ಸರಿಯಾಗಿ ಕೂಡದೆ ಹೊರಗೆ ಉಬ್ಬಿಕೊಂಡಿತ್ತು. ಬೂಟು ಹಾಕಿದರೆ ಚೆಂದ ಕಾಣುವುದಿಲ್ಲ ಅಂತ ಆ ಉಬ್ಬನ್ನು ಗರಗಸದಲ್ಲಿ ಕೊಯ್ಯಿಸಿಕೊಂಡನಂತೆ, ಮಂಪರು ಬರುವ ಮದ್ದೇನೂ ಇಲ್ಲದ ಕಾಲದಲ್ಲಿ! 'ನಿಮ್ಮ ಹಾಗೆಯೇ ಸ್ಟೈಲ್ ಮಾಡುವ ಹುಡುಗ' ಅಂದರು ಫಾದರ್. ಇಡೀ ಹಾಲ್ ನಕ್ಕಿತು.

ಹಾಸಿಗೆಯಲ್ಲಿ ಬಿದ್ದವನು ಓದಲು ವೀರರ ಪ್ರಣಯದ ಕಥೆಗಳನ್ನು ಕೇಳಿದ. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ ಮಾತ್ರ. ಬೇರೆ ದಾರಿಯಿಲ್ಲದೆ ಓದಿದ. ಒಂದು ಹೊತ್ತು ಯುದ್ಧ, ರಾಜಕುಮಾರಿಯ ಕನಸು. ಇನ್ನೊಂದು ಹೊತ್ತು ಸಂತರಂತೆ ಬದುಕುವ ಕನಸು. ಕನಸು ಕಾಣುವಾಗ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಒಳಗೆಲ್ಲ ಒಣ ಒಣ. ಎರಡನೆಯದು ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಅವನು ಗಮನಿಸಿದ. ಮುಂದೆ ಅವನು ಕಲಿಸಿದ್ದೆಲ್ಲ ಈ ಗಮನಿಸುವಿಕೆಯಿಂದ ಹುಟ್ಟಿದ್ದು.

ಅದರಲ್ಲಿ ಒಂದು, ಜೆಸ್ವಿಟರು ದಿನಕ್ಕೆರಡು ಸಲ ಮಾಡುವ ಎಕ್ಸಾಮೆನ್. ಕಾಲು ಗಂಟೆ ಸುಮ್ಮನೆ ಕೂತು ಕಳೆದ ಹೊತ್ತನ್ನು ಗಂಟೆ ಗಂಟೆಯಾಗಿ ತಿರುಗಿ ನೋಡುವುದು. ನನ್ನನ್ನು ಬೆಚ್ಚಿಬೀಳಿಸಿದ್ದು ಅದರ ಕ್ರಮ. ಮೊದಲ ಹೆಜ್ಜೆ ತಪ್ಪಿನ ಪಟ್ಟಿ ಅಲ್ಲ, ಥ್ಯಾಂಕ್ಸ್. ಆಮೇಲೆ ಸರಿಯಾಗಿ ಕಾಣುವಂತೆ ಮಾಡು ಅಂತ ಬೇಡಿಕೆ. ಆಮೇಲೆ ದಿನದ ಲೆಕ್ಕ. ಕ್ಷಮೆ ಕೇಳುವುದು ನಾಲ್ಕನೆಯದು. ನಾಳೆಯ ನಿರ್ಧಾರ ಕೊನೆಗೆ. ದೇವರು ಕೊಟ್ಟದ್ದನ್ನು ನೋಡದೆ ನಾವು ಕೆಡಿಸಿದ್ದು ಕಾಣುವುದಾದರೂ ಹೇಗೆ ಅಂತ ಫಾದರ್ ಕೇಳಿದರು. ಇಷ್ಟು ವರ್ಷ ಉಲ್ಟಾ ಹಿಡಿದಿದ್ದೆನಲ್ಲ ಅನ್ನಿಸಿತು.

ಇದು ಉಪಯೋಗಕ್ಕೆ ಬಂದದ್ದು ಸಿಂಧನೂರಿನಲ್ಲಿ. ಬ್ಯಾಂಕ್ ಕೆಲಸ ಸಿಕ್ಕಿ, ಆ ಕಡೆಯ ಒಂದು ಶಾಖೆಗೆ ಹಾಕಿದರು. ಮಳೆ, ಅಡಿಕೆ, ಮೀನು ಬಿಟ್ಟು ಬೇರೆ ಗೊತ್ತಿಲ್ಲದವನಿಗೆ ರಾಯಚೂರು ಜಿಲ್ಲೆಯ ಏಪ್ರಿಲ್ ಅಂದರೆ ಏನು ಅಂತ ಬರೆದು ತಿಳಿಸಲಾರೆ. ಆದಿತ್ಯವಾರದ ಪೂಜೆಗೂ ದೂರ ಹೋಗಬೇಕು. ಕುವೈತ್‌ನಲ್ಲಿದ್ದ ಚಿಕ್ಕಪ್ಪನ ಮಗ 'ರಿಸೈನ್ ಮಾಡು ಮಾರಾಯ, ವೀಸಾ ಕಳಿಸ್ತೇನೆ' ಅಂತ ಕಾಗದ ಬರೆಯುತ್ತಿದ್ದ. ರಾಜೀನಾಮೆ ಪತ್ರ ಬರೆದು ಟ್ರಂಕಿನಲ್ಲಿ ಇಟ್ಟಿದ್ದೆ.

ಕೊಡದೆ ಇದ್ದದ್ದಕ್ಕೆ ಕಾರಣ ರಿಟ್ರೀಟಿನ ಇನ್ನೊಂದು ಮಾತು. ಮನಸ್ಸು ಕತ್ತಲಲ್ಲಿ ಇರುವಾಗ, ಬೆಳಕಿನಲ್ಲಿ ತೆಗೆದುಕೊಂಡ ತೀರ್ಮಾನವನ್ನು ಬದಲಿಸಬೇಡ ಅನ್ನುವುದು ಇಗ್ನೇಷಿಯಸನ ನಿಯಮ. ಸರಿ, ಕಾಯೋಣ ಅಂತ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿ ಎಕ್ಸಾಮೆನ್‌ಗೆ ಕೂತೆ. ಕರೆಂಟ್ ಹೇಗೂ ಇರುತ್ತಿರಲಿಲ್ಲ.

ಒಂದು ದಿನದ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಕ್ಯಾಶ್ ಟ್ಯಾಲಿ ಆಗದೆ ಕಿರಿಕಿರಿ. ಹನ್ನೊಂದಕ್ಕೆ ಒಬ್ಬಳು ಮುದುಕಿ ಬಂದಳು. ಸೀರೆ ಸೆರಗಿನ ಗಂಟು ಬಿಚ್ಚಿ ಪಾಸ್‌ಬುಕ್ ಕೊಟ್ಟು, 'ಯಪ್ಪಾ, ನನ್ನ ರೊಕ್ಕ ಬಂದೈತೇನು ನೋಡು' ಅಂದಳು. ವಿಧವಾ ಪಿಂಚಣಿ. ಬಂದಿತ್ತು. ಸ್ಲಿಪ್ ತುಂಬಿ, ಹೆಬ್ಬೆಟ್ಟು ಹಿಡಿದು ಒತ್ತಿಸಿದೆ. ಹೊಲದ ಕೆಲಸದಲ್ಲಿ ಸವೆದು ಗೆರೆಯೇ ಮೂಡಲಿಲ್ಲ. ಇನ್ನೊಮ್ಮೆ ಒತ್ತಿಸಿದೆ. ಅವಳು ಹಣ ಎಣಿಸಲಿಲ್ಲ. ನನ್ನ ಮುಖ ನೋಡಿ 'ಉಂಡೀಯೇನು?' ಅಂದಳು. ಮಧ್ಯಾಹ್ನ ಮ್ಯಾನೇಜರ್ ಬೈಗುಳ. ಸಂಜೆ ಕುವೈತ್‌ನ ಕಾಗದ, ಎರಡು ಗಂಟೆ ಸಂಬಳದ ಕನಸು.

ಆವತ್ತು ರಾತ್ರಿ ತಿರುಗಿ ನೋಡಿದರೆ ಇಡೀ ದಿನದಲ್ಲಿ ಜೀವ ಇದ್ದದ್ದು ಆ ಮುದುಕಿಯ ಜೊತೆಗಿನ ಹತ್ತು ನಿಮಿಷ. ಕುವೈತ್ ಕನಸು ಕಾಣುವಾಗ ರುಚಿ, ಮುಗಿದ ಮೇಲೆ ಒಣ ಒಣ. ಹೀಗೆ ಬೇಸಿಗೆ ಪೂರ್ತಿ ನೋಡಿದೆ. ಮತ್ತೆ ಮತ್ತೆ ಅದೇ ಬಂತು. ಪತ್ರ ಹರಿದು ಹಾಕಿದೆ. ಮುಂದೆ ಪ್ರಮೋಷನ್ ಸಿಕ್ಕಾಗಲೂ ಹಳ್ಳಿ ಶಾಖೆಯನ್ನೇ ಕೇಳಿ ಪಡೆದೆ. ಬಂಧುಗಳಿಗೆ ಇದು ಈಗಲೂ ಅರ್ಥವಾಗಿಲ್ಲ, ಹೌದಲ್ವಾ ಅಂತ ಕೇಳಿದರೆ ಹೆಂಡತಿ ಜೋರಾಗಿ ನಗುತ್ತಾಳೆ.

ಎಲ್ಲವೂ ಹೀಗೆ ಸಲೀಸಾಗಿ ಕಂಡಿಲ್ಲ. ಅಮ್ಮ ಕ್ಯಾನ್ಸರ್‌ನಲ್ಲಿ ನರಳಿ ಹೋದಾಗ ಮೊದಲ ಹೆಜ್ಜೆಯೇ ಸಾಧ್ಯವಾಗಲಿಲ್ಲ. ಯಾವುದಕ್ಕೆ ಥ್ಯಾಂಕ್ಸ್ ಹೇಳಲಿ? ಅದೇ ಫಾದರನ್ನು ಹುಡುಕಿಕೊಂಡು ಹೋದೆ. ಅವರು ಸಮಾಧಾನ ಹೇಳಲಿಲ್ಲ. 'ಬಾರದಿದ್ದರೆ ಬಿಡು. ಬರುವುದಿಲ್ಲ ಅಂತಲೇ ದೇವರಿಗೆ ಹೇಳು' ಅಂದು 88ನೇ ಕೀರ್ತನೆ ತೆಗೆದುಕೊಟ್ಟರು. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಎಲ್ಲೋ ಒಂದು ಕಡೆ ಭರವಸೆಗೆ ತಿರುಗುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಬೈಬಲ್‌ನಲ್ಲಿ ಇಟ್ಟುಕೊಂಡ ಧರ್ಮ ನನ್ನದು ಅನ್ನುವುದು ಆ ತಿಂಗಳುಗಳಲ್ಲಿ ನನಗೆ ದೊಡ್ಡ ಆಸರೆ. ಅಮ್ಮ ಯಾಕೆ ಅಷ್ಟು ನರಳಬೇಕಿತ್ತು ಅನ್ನುವುದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಸಿಕ್ಕಿದೆ ಅನ್ನುವವರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಕಾರ್ಕಳದವನು, ಹಿಂದೂ. ರಿಟ್ರೀಟಿನ ವಿಷಯ ನನ್ನಿಂದಲೇ ಕೇಳಿ ತಿಳಿದುಕೊಂಡ. ಈಗ ಬೆಂಗಳೂರಿನಲ್ಲಿ ಆಡಿಟರ್. ಅವನೂ ರಾತ್ರಿ ದಿನದ ಲೆಕ್ಕ ನೋಡುತ್ತಾನಂತೆ. 'ಒಳ್ಳೇ ಮೆಥಡ್ ಮಾರಾಯ, ಆದರೆ ದೇವರು ಇಲ್ಲದೆಯೂ ನಡೀತದೆ' ಅನ್ನುತ್ತಾನೆ. ಹಾಗಾದರೆ ಥ್ಯಾಂಕ್ಸ್ ಯಾರಿಗೆ ಹೇಳ್ತೀಯ ಅಂತ ನಾನು ಕೇಳುತ್ತೇನೆ. ಸುಮ್ನೆ ಹೇಳುವುದು, ಯಾರಿಗೂ ಅಲ್ಲ ಅನ್ನುತ್ತಾನೆ. ನನಗೆ ಹಾಗೆ ಆಗುವುದಿಲ್ಲ. ಆ ಮುದುಕಿ ನನ್ನನ್ನು ಉಂಡೆಯಾ ಅಂತ ಕೇಳಿದಾಗ ಅವಳ ಜೊತೆ ಇನ್ನೊಬ್ಬರೂ ಕೇಳಿದಂತೆ ನನಗೆ ಕಂಡದ್ದು ಹೌದು. ಅದನ್ನು ಅವನಿಗೆ ಹೇಳಿದರೆ 'ಅದು ಸಿಂಧನೂರಿನ ಬಿಸಿಲು' ಅನ್ನುತ್ತಾನೆ. ಈ ಸಲದ ಹಳೆ ವಿದ್ಯಾರ್ಥಿಗಳ ಸಭೆಗೆ ಇಬ್ಬರೂ ಬರುತ್ತಿದ್ದೇವೆ. ಕ್ಯಾಂಟೀನಿನಲ್ಲಿ ಜಗಳ ಮುಂದುವರಿಯುತ್ತದೆ.